ಫ್ರೆಮೆನ್ ಜನರ ಜಲಧರ್ಮ

ಭೂಮಿಯ ಮೇಲೆ ಎಂದೂ ಬಾಳದ ಒಂದು ಜನಾಂಗಕ್ಕೆ ಭಾಷೆ, ಶಾಸನ, ಯುದ್ಧನೀತಿ, ಉತ್ತರಕ್ರಿಯೆ ಇವೆಲ್ಲವನ್ನೂ ಸಾಂಗವಾಗಿ ಕಲ್ಪಿಸಿಕೊಟ್ಟ ಗ್ರಂಥಗಳು ವಿರಳ. ಅಮೆರಿಕದ ಫ್ರಾಂಕ್ ಹರ್ಬರ್ಟನು (೧೯೨೦–೧೯೮೬) ರಚಿಸಿದ ‘ಡ್ಯೂನ್’ ಎಂಬ ವೈಜ್ಞಾನಿಕ ಕಾದಂಬರಿಯು ಅಂಥವುಗಳಲ್ಲೊಂದು. ಅದರಲ್ಲಿ ವರ್ಣಿತರಾದ ಫ್ರೆಮೆನ್ನರು ಅರಾಕಿಸ್ ಎಂಬ ಮರುಗ್ರಹದ ನಿವಾಸಿಗಳು. ಗ್ರಹದಿಂದ ಗ್ರಹಕ್ಕೆ ಅಟ್ಟಲ್ಪಟ್ಟು, ಮಳೆಯೇ ಬೀಳದ ಆ ಮರಳಿನಲ್ಲಿ ಬೇರೂರಿದವರು. ಚಕ್ರವರ್ತಿಯ ಸೇನೆಯನ್ನೇ ಸೋಲಿಸಿದ ಈ ಜನರ ಆಚಾರಗಳಿಗೆಲ್ಲ ಮೂಲವು ನೀರಿನ ಅಭಾವವೊಂದೇ ಎಂಬುದು ಗ್ರಂಥಕರ್ತನ ಸಿದ್ಧಾಂತ.

ಈ ಗ್ರಂಥದ ಜನ್ಮವೃತ್ತಾಂತವೂ ಮರಳಿನಿಂದಲೇ ಮೊದಲಾಗುವುದು. ೧೯೫೭ರಲ್ಲಿ ಆರೆಗಾನ್ ಪ್ರಾಂತದ ಫ್ಲಾರೆನ್ಸ್ ಪಟ್ಟಣದ ಬಳಿ ಹರಿದಾಡುವ ಮರಳುದಿಣ್ಣೆಗಳನ್ನು ಹುಲ್ಲು ನೆಟ್ಟು ತಡೆಯುವ ಸರಕಾರದ ಪ್ರಯತ್ನವನ್ನು ನೋಡಲು ಹರ್ಬರ್ಟನು ಹೋದನು. ಬರೆಯಬೇಕೆಂದಿದ್ದ ಪತ್ರಿಕಾಲೇಖನವು ಮುಗಿಯಲಿಲ್ಲ. ಅದರ ಬದಲು ಮಹಾಕಥೆಯೊಂದು ಬೆಳೆಯಿತು. ೧೯೬೩ರಿಂದ ೧೯೬೫ರವರೆಗೆ ‘ಅನಲಾಗ್’ ಮಾಸಪತ್ರಿಕೆಯಲ್ಲಿ ಕಂತುಗಳಾಗಿ ಬಂದ ಈ ಕಥೆಯನ್ನು ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ತಿರಸ್ಕರಿಸಿದರು. ಕಡೆಗೆ ಮೋಟಾರು ದುರಸ್ತಿಯ ಕೈಪಿಡಿಗಳಿಗೆ ಹೆಸರಾದ ಚಿಲ್ಟನ್ ಸಂಸ್ಥೆಯು ೧೯೬೫ರಲ್ಲಿ ಪುಸ್ತಕರೂಪದಲ್ಲಿ ಹೊರತಂದಿತು.

ಫ್ರೆಮೆನ್ನರ ಶಬ್ದಸಂಪತ್ತು ಗ್ರಂಥಕರ್ತನ ಸ್ವಂತ ಸೃಷ್ಟಿಯಲ್ಲ. ಬಂಡೆಯೊಳಗಿನ ಅವರ ಗುಹಾಗ್ರಾಮಕ್ಕೆ ‘ಸೀಚ್’ ಎಂದು ಹೆಸರು. ೧೭೭೫ರಲ್ಲಿ ರಷ್ಯದ ರಾಣಿ ಕ್ಯಾಥರೀನಳ ಸೈನ್ಯದಿಂದ ನಾಶವಾದ ಕೊಸಾಕರ ಕೋಟೆಯ ನಾಮವೇ ಅದು. ಅವರ ಗೂಢಭಾಷೆಯ ಹೆಸರಾದ ‘ಚಕೋಬ್ಸಾ’ ಎಂಬುದು ಕಾಕಸಸ್ ಪರ್ವತದ್ದು. ೧೮೫೯ರವರೆಗೆ ರಷ್ಯವನ್ನು ಎದುರಿಸಿ ನಿಂತ ಇಮಾಮ್ ಶಮೀಲನ ವಿಷಯವಾಗಿ ಲೆಸ್ಲಿ ಬ್ಲಾಂಚ್ ಎಂಬ ಲೇಖಕಿಯು ೧೯೬೦ರಲ್ಲಿ ಪ್ರಕಟಿಸಿದ ಚರಿತ್ರೆಯಿಂದ ಹರ್ಬರ್ಟನು ಧಾರಾಳವಾಗಿ ಎತ್ತಿಕೊಂಡಿದ್ದಾನೆ. ಗ್ರಾಮಾಧಿಪತಿಗೆ ಸಲ್ಲುವ ‘ನಾಯಿಬ್’ ಎಂಬ ಬಿರುದು ಅರಬ್ಬಿಯದು; ಕನ್ನಡಿಗರಿಗೆ ಪರಿಚಿತವಾದ ‘ನವಾಬ’ ಶಬ್ದವೂ ಅದೇ ಧಾತುವಿನಿಂದ ಬಂದುದು. ಕಥಾನಾಯಕನಾದ ಪಾಲ್ ಅಟ್ರೈಡಿಸನು ಮರಳುಗಾಡಿನ ಪುಟ್ಟ ಇಲಿಯೊಂದರ ಹೆಸರಾದ ‘ಮುಅದ್ದಿಬ್’ ಎಂಬುದನ್ನು ತನಗಾಗಿ ಆರಿಸಿಕೊಳ್ಳುವನು. ಅರಬ್ಬಿಯಲ್ಲಿ ಅದಕ್ಕೆ ಬಾಲಕರ ಉಪಾಧ್ಯಾಯನೆಂದರ್ಥ!

ಇನ್ನು ಅವರ ಧರ್ಮಶಾಸ್ತ್ರ. ಮನುಷ್ಯನ ಮಾಂಸವು ಅವನದು, ಅದರೊಳಗಿನ ನೀರು ಕುಲದ್ದು, ಇದೇ ಮೂಲಸೂತ್ರ. ಸತ್ತವನ ದೇಹದಿಂದ ನೀರನ್ನು ಬಟ್ಟಿಯಿಳಿಸಿ, ಅಳೆದು, ಸಮುದಾಯದ ಕೊಳಕ್ಕೆ ಸೇರಿಸುವರು. ಜಾಮಿಸ್ ಎಂಬ ಯೋಧನು ಪಾಲನೊಡನೆ ದ್ವಂದ್ವಯುದ್ಧದಲ್ಲಿ ಮಡಿದಾಗ ದೊರೆತದ್ದು ೩೩ ಲೀಟರು ಮತ್ತು ಚಿಲ್ಲರೆ. ಆ ಚಿಲ್ಲರೆಯನ್ನು ಕೂಡ ಬಿಡದೆ ಎಣಿಸಿದರು. ಆ ನೀರು ಗೆದ್ದವನಿಗೆ ಸಂದಿತು. ಕವಚವಿಲ್ಲದೆ ಹೋರಾಡಿದವನು ಬೆವರಿನಲ್ಲಿ ಕಳೆದುದನ್ನು ಮರಳಿ ಪಡೆಯಬೇಕಷ್ಟೆ ಎಂಬುದು ಶಾಸನದ ತರ್ಕ. ಬದುಕಿದವರು ಸತ್ತವರಿಗೆ ಜಲಾಂಜಲಿ ಕೊಡುವುದು ವೈದಿಕ ಸಂಪ್ರದಾಯ. ಇಲ್ಲಿ ಸತ್ತವನೇ ಬದುಕಿದವರಿಗೆ ಜಲವನ್ನು ಕೊಡುವನು. ಆ ಸಂಸ್ಕಾರದಲ್ಲಿ ಪಾಲನ ಕಣ್ಣಿನಿಂದ ನೀರಿಳಿದಾಗ, ಇವನು ಸತ್ತವನಿಗೆ ತೇವವನ್ನು ದಾನಮಾಡಿದನೆಂದು ನೆರೆದವರು ಬೆರಗಾದರು. ನಾಯಿಬನಾದ ಸ್ಟಿಲ್ಗರನು ಡ್ಯೂಕ್ ಲೀಟೋವಿನ ಮುಂದೆ ಮೇಜಿನ ಮೇಲೆ ಉಗುಳಿದುದೂ ಅವಮಾನವಲ್ಲ, ಗೌರವವೇ. ಪ್ರಾಣಕ್ಕೆ ಆಧಾರವಾದುದನ್ನು ಕೊಡುವುದಕ್ಕಿಂತ ಮಿಗಿಲಾದ ಸತ್ಕಾರವುಂಟೆ?

ಅವರು ತೊಡುವ ಕವಚವು ಬೆವರು, ಮೂತ್ರ, ಉಸಿರಿನ ತೇವವನ್ನು ಹಿಡಿದು ಶೋಧಿಸಿ ಚೀಲಗಳಲ್ಲಿ ಕೂಡಿಡುವುದು. ನಡೆಯುವ ಮತ್ತು ಉಸಿರಾಡುವ ಚಲನೆಯೇ ಅದರ ಯಂತ್ರಶಕ್ತಿ. ಸರಿಯಾಗಿ ತೊಟ್ಟವನು ದಿನಕ್ಕೆ ದರ್ಜಿಯ ಅಂಗುಸ್ತಾನದಷ್ಟು ನೀರನ್ನು ಮಾತ್ರ ಕಳೆದುಕೊಳ್ಳುವನು.

ಯುದ್ಧಾಚಾರವೂ ಇಷ್ಟೇ ಕಠಿನ. ಮಹಾಮರಳುಹುಳುವಿನ ಹಲ್ಲಿನಿಂದಾದ ಕಠಾರಿಯನ್ನು ಒಮ್ಮೆ ಹಿರಿದರೆ ರಕ್ತ ಕಾಣಿಸದೆ ಒರೆಗೆ ಸೇರಿಸತಕ್ಕದ್ದಲ್ಲ. ನಾಯಿಬನನ್ನು ದ್ವಂದ್ವದಲ್ಲಿ ಕೊಂದವನೇ ಮುಂದಿನ ನಾಯಿಬನು. ಕುರುಡನಾದವನನ್ನು ಮರಳುಗಾಡಿನಲ್ಲಿ ಬಿಟ್ಟುಬರುವರು. ಮುಂದೆ ಕಣ್ಣು ಕಳೆದುಕೊಂಡ ಪಾಲನು ತಾನೇ ಈ ಶಾಸನಕ್ಕೆ ತಲೆಬಾಗಿ ಏಕಾಕಿಯಾಗಿ ಮರಳಿಗಿಳಿದನು. ಆದರೆ ಅವರ ಕಾಠಿನ್ಯವೆಲ್ಲವೂ ಬಾಯಾರಿಕೆಯಿಂದ ಹುಟ್ಟಿದುದೆಂದು ಒಪ್ಪುವುದು ಕಷ್ಟ. ಜಾಮಿಸನ ಹೆಂಡತಿ ಹಾರಾಳು ಗೆದ್ದವನ ಪಾಲಿಗೆ ಪತ್ನಿಯಾಗಿಯೋ ದಾಸಿಯಾಗಿಯೋ ಹೋಗಬೇಕೆಂಬ ವಿಧಿಯಿಂದ ಒಂದು ಹನಿ ನೀರಾದರೂ ಉಳಿಯಲಾರದು. ಗ್ರಂಥಕರ್ತನು ಇದನ್ನು ಪ್ರಶ್ನಿಸದೆ ದಾಟಿಹೋಗುವನು.

ಇಷ್ಟು ಬಿಗಿಯಾದ ಬಾಳಿಗೆ ಒಂದು ಆಸೆಯ ಆಸರೆಯಿತ್ತು. ಪಾರ್ಡೊ ಕೈನ್ಸ್ ಎಂಬ ಗ್ರಹಶಾಸ್ತ್ರಜ್ಞನು, ಅವನ ತರುವಾಯ ಅವನ ಮಗ ಲಿಯೆಟನು, ಈ ನೆಲವನ್ನು ಹಸುರುಗೊಳಿಸಬಹುದೆಂದು ಬೋಧಿಸಿದರು. ಅದಕ್ಕೆ ಬೇಕಾದ ಕಾಲ ಮುನ್ನೂರರಿಂದ ಐನೂರು ವರ್ಷ. ಒಂದೇ ಗುಹಾಕೊಳದಲ್ಲಿ ೩ ಕೋಟಿ ೮೦ ಲಕ್ಷ ಡೆಕಾಲೀಟರಿಗೂ ಹೆಚ್ಚು ನೀರು ಸಂಗ್ರಹವಾಗಿತ್ತು. ಬಾಯಾರಿ ಬಂದವನೂ ಅದನ್ನು ಮುಟ್ಟುತ್ತಿರಲಿಲ್ಲ. ಆಕಾಶದಿಂದ ಯಾರೂ ನೋಡದಂತೆ ನೌಕಾಸಂಘಕ್ಕೆ ಮಸಾಲೆಯ ಲಂಚವನ್ನೂ ತೆರುತ್ತಿದ್ದರು. ತಾನು ಕಾಣದ ಕೆರೆಗಾಗಿ ತಲೆತಲಾಂತರ ಹನಿಗೂಡಿಸಿದ ಈ ವ್ರತವೇ ಅವರ ಅತ್ಯುನ್ನತ ಗುಣ.

ಪಾಲನು ಅವರಿಗೆ ಜಯವನ್ನು ಕೊಟ್ಟನು, ಕಾಲವನ್ನು ಸಂಕ್ಷೇಪಿಸಿದನು. ಮರುಭೂಮಿಯಲ್ಲಿ ಶಾಣೆ ಹಿಡಿದ ಕತ್ತಿಯು ಲೋಕಗಳ ಮೇಲೆ ಬೀಸಿತು. ೧೯೬೯ರ ‘ಡ್ಯೂನ್ ಮೆಸ್ಸಾಯಾ’ ಗ್ರಂಥದಲ್ಲಿ ಆ ಧರ್ಮಯುದ್ಧಕ್ಕೆ ಬಲಿಯಾದವರ ಸಂಖ್ಯೆಯನ್ನು ೬,೧೦೦ ಕೋಟಿಯೆಂದು ಹೇಳಿದೆ. ಅತ್ತ ನೀರು ಬಂದಿತು. ೧೯೭೬ರ ‘ಚಿಲ್ಡ್ರನ್ ಆಫ್ ಡ್ಯೂನ್’ ಗ್ರಂಥದಲ್ಲಿ ತರುಣರು ಕವಚವನ್ನು ಅಲಕ್ಷಿಸುವುದನ್ನು ಕಂಡು ಮುದುಕನಾದ ಸ್ಟಿಲ್ಗರನು ಮರುಗುವನು. ಹುಳುವಿಗೆ ನೀರೇ ವಿಷವಾದುದರಿಂದ ಹಸುರು ಹಬ್ಬಿದಷ್ಟೂ ಅವರ ದೈವವು ಸಾಯುತ್ತ ಬಂದಿತು.

೧೯೮೧ರ ‘ಗಾಡ್ ಎಂಪರರ್ ಆಫ್ ಡ್ಯೂನ್’ ಗ್ರಂಥದಲ್ಲಿ ಮೂರೂವರೆ ಸಾವಿರ ವರ್ಷ ಕಳೆದಿವೆ. ಅರಾಕಿಸಿನಲ್ಲಿ ಈಗ ಹೊಳೆ ಹರಿಯುವುದು, ಕಾಡು ಬೆಳೆದಿರುವುದು. ಉಳಿದಿರುವವರು ‘ವಸ್ತುಸಂಗ್ರಹಾಲಯದ ಫ್ರೆಮೆನ್ನರು’. ಪೂರ್ವಿಕರ ವಿಧಿಗಳನ್ನು ಅವರು ಅರ್ಥವರಿಯದೆ ಗಿಳಿಪಾಠದಂತೆ ಒಪ್ಪಿಸುವರು. ಅದೇ ಗ್ರಂಥದಲ್ಲಿ ಸಿಯೋನಾ ಎಂಬ ತರುಣಿಯು ಅಳಿದುಳಿದ ಮರಳಿನಲ್ಲಿ ಪರೀಕ್ಷೆಗೊಳಗಾಗುವಾಗ ಕವಚವನ್ನೇನೋ ತೊಟ್ಟಿದ್ದಳು. ಆದರೆ ಅದರ ಮುಖಪಟವನ್ನು ಬಿಗಿಯಬೇಕೆಂಬುದು ಅವಳಿಗೆ ಹೊಳೆಯಲಿಲ್ಲ, ಉಸಿರಿನೊಡನೆ ನೀರು ಹೊರಟುಹೋಗುತ್ತಲೇ ಇದ್ದಿತು.