ನವಿಲು ಹಸಿರು ಮತ್ತು ಹದಿನೇಳು ಜನರ ಕಣ್ಣು

1996ರಲ್ಲಿ ಬ್ಯಾಂಕು ನನ್ನನ್ನು ಮದರಾಸಿಗೆ ವರ್ಗ ಮಾಡಿತು. ಮೂರು ವರ್ಷ ತಾನೇ ಅಂದುಕೊಂಡು ಬಂದವನು ಪೆರಂಬೂರಿನಲ್ಲೇ ಬೇರುಬಿಟ್ಟೆ. ಈ ಊರಿನ ಹೆಮ್ಮೆ ಐಸಿಎಫ್, ಅಂದರೆ 1955ರ ಅಕ್ಟೋಬರ್ 2ರಂದು ನೆಹರೂ ಉದ್ಘಾಟಿಸಿದ ರೈಲು ಬೋಗಿ ಕಾರ್ಖಾನೆ. ಇಟ್ಟಿಗೆಗೆಂಪಿನ ಬೋಗಿಗಳು 1990ರ ದಶಕದಲ್ಲಿ ನೀಲಿಗೆ ತಿರುಗಿದವು. 2018ರಲ್ಲಿ ಬಿಳಿ-ನೀಲಿಯ ‘ಟ್ರೈನ್ 18’ ಇಲ್ಲಿಂದಲೇ ಹೊರಬಂತು. ಕೇಸರಿ ಬಣ್ಣದ ವಂದೇ ಭಾರತ್ 2023ರಲ್ಲಿ ಮೊದಲು ಓಡಿದ್ದು ಕಾಸರಗೋಡಿನಿಂದ ತಿರುವನಂತಪುರಕ್ಕೆ.

ಇಷ್ಟು ಬೋಗಿಗಳಿಗೆ ಒಂದೇ ನೀಲಿ ಬರುವುದು ಹೇಗೆ ಅಂತ ಯೋಚಿಸಿದ್ದೀರಾ? ‘ನೀಲಿ ಪೇಂಟು ಕೊಡಿ’ ಅಂದರೆ ಹತ್ತು ಅಂಗಡಿಯವರು ಹತ್ತು ನೀಲಿ ಕೊಡುತ್ತಾರೆ. ಅದಕ್ಕೇ ಬಣ್ಣಕ್ಕೆ ನಂಬರು ಬೇಕು. ನಮ್ಮ ದೇಶದ ಪೇಂಟುಗಳಿಗೆ ಐಎಸ್ 5 ಎಂಬ ಮಾನಕವಿದೆ. ಅದರಲ್ಲಿ 537 ಅಂದರೆ ಸಿಗ್ನಲ್ ಕೆಂಪು, 538 ಅಂದರೆ ಪೋಸ್ಟ್ ಆಫೀಸ್ ಕೆಂಪು. ಕಣ್ಣಿನ ಜಗಳ ಅಲ್ಲಿಗೆ ಮುಗಿಯಿತು.

ಈ ನಂಬರಿನ ಮಹಿಮೆ ನನಗೆ ಅರ್ಥವಾದದ್ದು ಅಮ್ಮನ ಸೀರೆಯಿಂದ.

ಅಪ್ಪನ ಬಣ್ಣದ ಫೋಟೋ ನಮ್ಮಲ್ಲಿ ಇರುವುದು ಒಂದೇ. 1978ರಲ್ಲಿ ಧಾರವಾಡದಲ್ಲಿ ತೆಗೆಸಿದ್ದು. ಪಕ್ಕದಲ್ಲಿ ಅಮ್ಮ, ಇಳಕಲ್ ಸೀರೆಯಲ್ಲಿ. ಆ ಕಾಲದ ಬಣ್ಣದ ಪ್ರಿಂಟುಗಳಲ್ಲಿ ನೀಲಿ-ಹಸಿರಿನ ಅಂಶ ಬೇಗ ಸೋರಿಹೋಗಿ ಚಿತ್ರವೆಲ್ಲ ಕೆಂಪಡರುತ್ತದೆ. ನಮ್ಮದೂ ಹಾಗೇ ಆಗಿತ್ತು. ಸ್ಕ್ಯಾನ್ ಮಾಡಿ, ವಾರಗಟ್ಟಲೆ ಲ್ಯಾಪ್‌ಟಾಪಿನ ಮುಂದೆ ಕೂತು ತಿದ್ದಿ ದೊಡ್ಡದಾಗಿ ಪ್ರಿಂಟು ಹಾಕಿಸಿದೆ. ಅಮ್ಮ ನೋಡಿದರು. “ಇದು ನನ್ನ ಸೀರಿ ಅಲ್ಲೋ. ಬ್ಯಾರೆ ಯಾರದ್ದೋ ಉಟಗೊಂಡೀನೇನ?” ಅಂದರು. ನನ್ನ ಪರದೆಯ ಮೇಲೆ ಹಸಿರಾಗಿದ್ದದ್ದು ಪ್ರಿಂಟಿನಲ್ಲಿ ಮಂಕು ಹಳದಿಯಾಗಿತ್ತು. ಲ್ಯಾಬಿನವನನ್ನು ಕೇಳಿದರೆ, “ಸಾರ್, ನಮ್ಮ ಪರದೆಯಲ್ಲಿ ಇರುವುದೇ ಹೀಗೆ” ಅಂದ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ಬ್ಯಾಂಕಿನವನಿಗೆ ಇದು ಹೊಸದಲ್ಲ. ಎರಡು ಪುಸ್ತಕದ ಲೆಕ್ಕ ತಾಳೆಯಾಗದಿದ್ದರೆ ಮೂರನೆಯದೊಂದು ದಾಖಲೆ ಬೇಕು. ಬಣ್ಣದಲ್ಲಿ ಆ ದಾಖಲೆ ಯಾವುದು? ಹುಡುಕುತ್ತಾ ಹೋದೆ.

1920ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಡೇವಿಡ್ ರೈಟ್ ಮತ್ತು ಜಾನ್ ಗಿಲ್ಡ್ ಬೇರೆ ಬೇರೆಯಾಗಿ ಒಂದೇ ಬಗೆಯ ಪ್ರಯೋಗ ಮಾಡಿದರು. ಪುಟ್ಟ ವೃತ್ತದ ಒಂದು ಅರ್ಧದಲ್ಲಿ ಒಂದು ಬಣ್ಣದ ಬೆಳಕು. ಇನ್ನೊಂದು ಅರ್ಧದಲ್ಲಿ ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಹೆಚ್ಚುಕಡಿಮೆ ಮಾಡಿ, ಎರಡೂ ಒಂದೇ ಎನ್ನಿಸುವವರೆಗೆ ಹೊಂದಿಸಬೇಕು. ರೈಟ್ ಹತ್ತು ಜನರನ್ನು ಕೂರಿಸಿದರು, ಗಿಲ್ಡ್ ಏಳು ಜನರನ್ನು. ಈ ಹದಿನೇಳು ಜನರ ಕಣ್ಣಿನ ಸರಾಸರಿಯ ಮೇಲೆ ಸಿಐಇ ಎಂಬ ಅಂತರರಾಷ್ಟ್ರೀಯ ಸಂಸ್ಥೆ 1931ರಲ್ಲಿ ‘ಪ್ರಮಾಣಿತ ನೋಡುಗ’ನನ್ನು ಗೊತ್ತುಮಾಡಿತು. ಎಲ್ಲೂ ಇಲ್ಲದ ಮನುಷ್ಯ ಅವನು! ಆದರೆ 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ರೂಪಿಸಿದ, ಇಂದಿಗೂ ಅಂತರ್ಜಾಲದ ಚಿತ್ರಗಳು ಅನುಸರಿಸುವ ಎಸ್‌ಆರ್‌ಜಿಬಿ ಪದ್ಧತಿ ನಿಂತಿರುವುದೂ ಅವನ ಕಣ್ಣಿನ ಮೇಲೆಯೇ.

ಅಂದರೆ ‘ಸರಿಯಾದ ಬಣ್ಣ’ ಎನ್ನುವುದು ಒಂದು ಒಪ್ಪಂದ. ಅಮ್ಮನಿಗೆ ಒಂದು ಕಣ್ಣಿನ ಪೊರೆ ತೆಗೆಸಿದ್ದೇವೆ. ಆ ಕಣ್ಣಿಗೆ ಗೋಡೆ ಬೆಳ್ಳಗೆ ಕಾಣುತ್ತದಂತೆ, ಇನ್ನೊಂದಕ್ಕೆ ಹಳದಿಯಂತೆ. ಒಬ್ಬರ ಎರಡು ಕಣ್ಣಿಗೇ ಒಮ್ಮತವಿಲ್ಲದ ಮೇಲೆ ಒಪ್ಪಂದವಿಲ್ಲದೆ ಆಗುವ ಕೆಲಸವೇ ಇದು?

ಮಾನಿಟರ್ ಕ್ಯಾಲಿಬ್ರೇಟರ್ ಮಾಡುವುದು ಇಷ್ಟೇ. ಪರದೆಗೆ ಮುಖವಿಟ್ಟು ಕೂತು, ಅಲ್ಲಿ ಮೂಡುವ ಬಣ್ಣ ಒಪ್ಪಂದಕ್ಕಿಂತ ಎಷ್ಟು ಆಚೀಚೆ ಇದೆ ಎಂದು ಅಳೆದು, ತಿದ್ದುಪಡಿಯ ಫೈಲೊಂದನ್ನು ಬರೆದುಕೊಡುತ್ತದೆ. ನಮ್ಮ ಬ್ಯಾಂಕಿಗೆ ಬರುವ ಚಿನಿವಾರರ ಒರೆಗಲ್ಲೂ ಹೀಗೇ. ಕಲ್ಲಿಗೆ ಚಿನ್ನದ ಜ್ಞಾನವೇನಿಲ್ಲ. ಗೊತ್ತಿರುವ ಚಿನ್ನದ ಗೆರೆಯ ಪಕ್ಕ ಗೊತ್ತಿಲ್ಲದ ಚಿನ್ನದ ಗೆರೆ ಎಳೆದು ಹೋಲಿಸುತ್ತಾರೆ, ಅಷ್ಟೇ.

ಇದು ತಿಳಿದ ಮೇಲೆ ಆಯ್ಕೆ ಸುಲಭವಾಯಿತು. ಸ್ಪೆಕ್ಟ್ರೋಫೋಟೋಮೀಟರ್ ಬೆಳಕನ್ನು ಬಿಡಿಸಿ ಅಳೆಯುತ್ತದೆ, ಪ್ರಿಂಟನ್ನೂ ಅಳೆಯಬಲ್ಲದು, ಬೆಲೆ ಮಾತ್ರ ಕೈ ಸುಡುತ್ತದೆ. ಕಲರಿಮೀಟರ್ ಕೆಲವೇ ಫಿಲ್ಟರುಗಳಿಂದ ಅಳೆಯುತ್ತದೆ, ಪರದೆಗೆ ಅಷ್ಟು ಸಾಕು. ಸ್ನೇಹಿತರೊಬ್ಬರು ಹಳೆಯದೊಂದನ್ನು ಪುಕ್ಕಟೆ ಕೊಡಲು ಬಂದರು. ಅದು ಡಬ್ಬಿ ಮಾನಿಟರುಗಳ ಕಾಲದ್ದು. ಇಂದಿನ ಎಲ್‌ಇಡಿ ಬೆಳಕಿನ ಸ್ವಭಾವವೇ ಬೇರೆ, ಜೊತೆಗೆ ಹಳೆಯ ಫಿಲ್ಟರುಗಳೂ ಮಾಸಿರುತ್ತವೆ. ತೂಕದ ಬಟ್ಟೇ ಸವೆದಿದ್ದರೆ ತಕ್ಕಡಿ ಏನು ಮಾಡೀತು? ಬೇಡವೆಂದೆ. ಎಕ್ಸ್‌ರೈಟ್ ಕಂಪನಿಯ ಫೋಟೋ ಸಾಧನಗಳು 2021ರಿಂದ ಕ್ಯಾಲಿಬ್ರೈಟ್ ಹೆಸರಿನಲ್ಲಿ ಬರುತ್ತಿವೆ. ಡೇಟಾಕಲರ್‌ನವರ ಸ್ಪೈಡರ್ ಇನ್ನೊಂದು. ಯಾವುದಾದರೂ ಸರಿ, ನಿಮ್ಮ ಪರದೆಯ ಜಾತಿಗೆ ಹೊಂದುತ್ತದೆಯೇ ಎಂದು ಮೊದಲು ನೋಡಿ. ನಾನು ಹೊಸ ಕಲರಿಮೀಟರ್ ಕೊಂಡೆ. ಪರದೆಯನ್ನು ಅರ್ಧ ಗಂಟೆ ಬೆಚ್ಚಗಾಗಲು ಬಿಟ್ಟು, ಬಿಳಿ 6500 ಕೆಲ್ವಿನ್, ಗಾಮಾ 2.2 ಎಂದು ಗೊತ್ತುಪಡಿಸಿ ಅಳೆದೆ. ನನ್ನ ಲ್ಯಾಪ್‌ಟಾಪಿನ ಬಿಳಿ ಇಷ್ಟು ವರ್ಷವೂ ನೀಲಿಯಾಗಿತ್ತು! ಆ ನೀಲಿಗೆ ಸರಿದೂಗಿಸಲು ನಾನು ತಿದ್ದಿದ್ದು ತಪ್ಪಾಗಿರದೆ ಇನ್ನೇನು?

ಆದರೂ ಒಂದು ಪ್ರಶ್ನೆ ಉಳಿಯಿತು. ಯಂತ್ರ ಪರದೆಯನ್ನು ಸರಿಮಾಡಿತು, ಸೀರೆಯ ಬಣ್ಣವನ್ನು ಹೇಳಲಿಲ್ಲ. ಅದನ್ನು ಹೇಳಿದ್ದು ಅಜ್ಜಿ ಹೊಲೆದ ಕೌದಿ. ಆ ಸೀರೆಯ ತುಂಡು ಅದರೊಳಗೆ ಸೇರಿತ್ತು. ಅಮ್ಮನೇ ಹೊಲಿಗೆ ಬಿಚ್ಚಿದರು. ಬಿಸಿಲು ಕಾಣದ ಒಳಮಡಿಕೆಯಲ್ಲಿ ನವಿಲು ಹಸಿರು ಹಾಗೇ ಇತ್ತು. ಅದನ್ನು ಕಿಟಕಿಯ ಬೆಳಕಿನಲ್ಲಿ ಪಕ್ಕದಲ್ಲಿಟ್ಟುಕೊಂಡು ಮತ್ತೆ ತಿದ್ದಿದೆ. ಲ್ಯಾಬಿನವನಿಗೆ, “ನೀವಾಗಿ ಏನೂ ತಿದ್ದಬೇಡಿ” ಎಂದು ಬರೆದುಕೊಟ್ಟೆ.

ಹೊಸ ಪ್ರಿಂಟು ಬಂದ ದಿನ ಅಮ್ಮ ಸೀರೆಯನ್ನು ನೋಡಲೇ ಇಲ್ಲ. ಬಹಳ ಹೊತ್ತು ಅಪ್ಪನ ಮುಖ ನೋಡಿ, “ನಿಮ್ಮಪ್ಪ ಇಷ್ಟು ಕಪ್ಪಿದ್ರು ಅನ್ನೋದು ಮರತ ಬಿಟ್ಟಿದ್ದೆ ನೋಡು” ಅಂದರು.

ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥ ಫೋಟೋ ಇದ್ದೀತು. ಬಣ್ಣ ಹೇಳಬಲ್ಲವರು ಇರುವಾಗಲೇ ತೆಗೆದು ನೋಡಿ.