ಗಡಿ ಶಾಲೆಯ ಮಾಸ್ತರರ ಕಲಿಕೆ

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು ಹಂಚಿಕೆಯಾದಾಗ ನಿರ್ಣಾ ಭಾಗವೊಂದನ್ನು ಬಿಟ್ಟು ಇಡೀ ಜಹೀರಾಬಾದ್ ತಾಲ್ಲೂಕು, ನಾರಾಯಣಖೇಡ ತಾಲ್ಲೂಕು, ನ್ಯಾಲಕಲ್ ಸುತ್ತಿನ ಹಳ್ಳಿಗಳು ಬೀದರ್ ಜಿಲ್ಲೆಯಿಂದ ಆಂಧ್ರಪ್ರದೇಶಕ್ಕೆ ಹೋದವು. ಗುಲ್ಬರ್ಗ ಜಿಲ್ಲೆಯ ತಾಂಡೂರು, ಕೊಡಂಗಲ್‌ಗಳೂ ಹಾಗೆಯೇ ಹೋದವು. 2016ರಲ್ಲಿ ಪ್ರತ್ಯೇಕ ಮಂಡಲವಾದ ಮೊಗುಡಂಪಲ್ಲಿ ಈ ಜಹೀರಾಬಾದಿನದೇ ತುಂಡು. ಅದೇ 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಬೇಕು ಎಂದು ಅದು ಹೇಳುತ್ತದೆ. ಆದರೆ ಆ ಶಿಕ್ಷಣ ಕೊಡುವ ಮಾಸ್ತರರು ಎಲ್ಲಿ, ಯಾವ ಭಾಷೆಯಲ್ಲಿ ತಯಾರಾಗಬೇಕು ಎಂಬ ಮಾತು ಅಲ್ಲಿಲ್ಲ. ಗಡಿಯ ಕನ್ನಡ ಶಾಲೆಗಳ ಓದು, ಬರಹ, ಲೆಕ್ಕದ ಕಥೆಯೆಲ್ಲ ಆ ಬಿಟ್ಟುಹೋದ ಮಾತಿನಲ್ಲೇ ಇದೆ ಎಂಬುದು ನನ್ನ ನಂಬಿಕೆ.

ಕನ್ನಡದಲ್ಲಿ ಶಿಕ್ಷಕರ ತರಬೇತಿ ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲೇ ಧಾರವಾಡದಲ್ಲಿ ನಾರ್ಮಲ್ ಸ್ಕೂಲ್ ಇತ್ತು. ಮರಾಠಿ ಶಾಲೆಗಳ ನಡುವೆ ಕನ್ನಡ ಶಾಲೆಗಳನ್ನು ಕಟ್ಟಲು ಹೊರಟ ಶಿಕ್ಷಣ ಇಲಾಖೆಯ ಡೆಪ್ಯುಟಿ ಚನ್ನಬಸಪ್ಪನವರಿಗೆ ಕನ್ನಡದಲ್ಲಿ ಕಲಿಸಬಲ್ಲ ಮಾಸ್ತರರಿಲ್ಲದೆ ಶಾಲೆ ನಿಲ್ಲದು ಎಂಬುದು ಗೊತ್ತಿತ್ತು. 1865ರಲ್ಲಿ ಶುರುವಾದ ‘ಮಠಪತ್ರಿಕೆ’ ಶಿಕ್ಷಕರಿಗಾಗಿಯೇ ಹೊರಟ ಮಾಸಿಕ. ಹೆಸರು ಬದಲಿಸುತ್ತಾ ಅದು ‘ಜೀವನ ಶಿಕ್ಷಣ’ವಾಗಿ ಮುಂದುವರಿಯಿತು. ತರಬೇತಿ ಮುಗಿಸಿ ದೂರದ ಹಳ್ಳಿಗೆ ಹೋದ ಮಾಸ್ತರನ ಕೈಗೆ ತಿಂಗಳು ತಿಂಗಳು ತನ್ನ ಭಾಷೆಯಲ್ಲೇ ಏನಾದರೊಂದು ಸಿಗುತ್ತಿರಬೇಕೆಂಬ ಆ ಆಲೋಚನೆ ನೂರೈವತ್ತು ವರ್ಷಗಳ ಹಿಂದಿನದು. ನಿಜಾಮರ ಸೀಮೆಯಲ್ಲಿ ಇಂಥದ್ದು ಬೆಳೆಯಲಿಲ್ಲ. ಅಲ್ಲಿ ಆಡಳಿತದ ಭಾಷೆಯೂ ಮೇಲಿನ ಶಿಕ್ಷಣದ ಭಾಷೆಯೂ ಉರ್ದು. ಜಹೀರಾಬಾದ್ ಕಡೆಯ ಕನ್ನಡ ಮಾಸ್ತರರಿಗೆ ಧಾರವಾಡದ ಪರಂಪರೆ ದಕ್ಕುವ ಮೊದಲೇ ಗಡಿ ಬಂದು ಬಿದ್ದಿತು.

ಮುಂದಿನ ದೊಡ್ಡ ತಿರುವು 1980ರ ದಶಕದ್ದು. ಬ್ರಿಟನ್ನಿನ ನೆರವಿನಿಂದ ಆಂಧ್ರಪ್ರದೇಶ ಪ್ರಾಥಮಿಕ ಶಿಕ್ಷಣ ಯೋಜನೆ ನಡೆಯಿತು. ಸುತ್ತಲಿನ ಶಾಲೆಗಳ ಶಿಕ್ಷಕರು ಒಂದು ಕೇಂದ್ರದಲ್ಲಿ ಸೇರಿ ಚಟುವಟಿಕೆಗಳನ್ನು ಮಾಡಿ ನೋಡುವ, ಮಾತಾಡಿಕೊಳ್ಳುವ ಪದ್ಧತಿ ಬಂತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಜಿಲ್ಲೆಗೊಂದು ಡಯಟ್, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಬಂತು. ಆಗಿನ ಮೆದಕ್ ಜಿಲ್ಲೆಯ ಡಯಟ್ ಇರುವುದು ಮೆದಕ್ ಪಕ್ಕದ ಹವೇಲಿ ಘನಪುರದಲ್ಲಿ. ಜಹೀರಾಬಾದಿನವರಿಗೆ ಅದು ಜಿಲ್ಲೆಯ ಮತ್ತೊಂದು ತುದಿ. ಬೀದರಿನ ಡಯಟ್ ಸುಮಾರು 30 ಕಿಲೊಮೀಟರ್ ದೂರದಲ್ಲಿದೆ, ಆದರೆ ಅದು ಬೇರೆ ರಾಜ್ಯದ್ದು.

ಮುಂದಿನ ದಶಕದ ಒಂದು ಸಂಗತಿ ಗಡಿಗೆ ಪಾಠ ಹೇಳುವಂಥದ್ದು. 1995ರ ಸುಮಾರಿಗೆ ಕರ್ನಾಟಕದ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ಋಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಒಬ್ಬರೇ ಶಿಕ್ಷಕರು ಹಲವು ತರಗತಿಗಳ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ಕಾರ್ಡುಗಳ ಮೂಲಕ ಕಲಿಸುವುದನ್ನು ನೋಡಿಬಂದರು. ಬಂದವರು ಕನ್ನಡದ ಕಾರ್ಡುಗಳನ್ನು ತಾವೇ ಬರೆದರು. ಕಲಿಕೆಯ ಏಣಿ, ಮೈಲಿಗಲ್ಲು, ಮಕ್ಕಳ ಎತ್ತರಕ್ಕೆ ಗೋಡೆಯ ಕಪ್ಪುಹಲಗೆ ಎಲ್ಲ ಕೂಡಿ ‘ನಲಿ–ಕಲಿ’ ಹುಟ್ಟಿತು. ಯುನಿಸೆಫ್ ನೆರವು ಇತ್ತು ನಿಜ, ಆದರೆ ಅದಕ್ಕೆ ಜೀವ ಬಂದದ್ದು ತರಗತಿಯಲ್ಲಿ ಎಡವಿದ ಕಾರ್ಡನ್ನು ಶಿಕ್ಷಕರೇ ಕೂತು ತಿದ್ದಿದ್ದರಿಂದ. 2009–10ರಲ್ಲಿ ಕರ್ನಾಟಕದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ಅದು ಹೋದಾಗ ಕಾರ್ಡುಗಳು ಅಚ್ಚಾಗಿ ಬಂದವು, ತಿದ್ದುವ ಕೂಟಗಳು ತೆಳುವಾದವು. ಹರಡುವ ಭರದಲ್ಲಿ ಕಳೆದುಕೊಂಡದ್ದು ಅದೇ.

2001ರ ಸರ್ವಶಿಕ್ಷಾ ಅಭಿಯಾನ ತರಬೇತಿಯ ದಿನಗಳನ್ನು ಹೆಚ್ಚಿಸಿತು. ರಾಜ್ಯದವರು ಜಿಲ್ಲೆಯವರಿಗೆ, ಜಿಲ್ಲೆಯವರು ಮಂಡಲದವರಿಗೆ, ಮಂಡಲದವರು ಶಿಕ್ಷಕರಿಗೆ ಹೇಳಿಕೊಡುವ ಕ್ರಮ ಬೇರೂರಿತು. ಶಿಕ್ಷಣ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರಲ್ಲೇ ಇದರ ಮಿತಿಯನ್ನು ತೋರಿಸಿದ್ದರು. ತತ್ವ ಹೇಳಿ, ಮಾಡಿ ತೋರಿಸಿ ಕಳಿಸಿದರೆ ಸಾಲದು. ತರಗತಿಯಲ್ಲಿ ಜೊತೆಗೆ ನಿಂತು ತಿದ್ದುವವರಿದ್ದರೆ ಹೊಸ ವಿಧಾನ ಕೈಗೆ ಹತ್ತುತ್ತದೆ.

ಜೊತೆಗೆ ನಿಲ್ಲುವವರು ಆ ಭಾಷೆ ಬಲ್ಲವರಾಗಿರಬೇಕು. ‘ಸೂರ್ಯ’ ಎಂಬ ಪದವನ್ನೇ ನೋಡಿ. ರಕಾರದ ಸದ್ದು ಮೊದಲು ಕೇಳುತ್ತದೆ, ಅರ್ಕಾವೊತ್ತು ಯಕಾರದ ಆಮೇಲೆ ಬರುತ್ತದೆ. ಇಂದಿನ ತೆಲುಗು ಬರಹದಲ್ಲಿ ರಕಾರವನ್ನೇ ಮೊದಲು ಬರೆದು ಯಕಾರವನ್ನು ಒತ್ತಾಗಿಸುತ್ತಾರೆ. ಎರಡೂ ಲಿಪಿಗಳು ಕಣ್ಣಿಗೆ ಅಕ್ಕತಂಗಿಯರಂತೆ ಕಂಡರೂ ತೆಲುಗಿನ ಕೈಪಿಡಿಯಲ್ಲಿ ಈ ತೊಡಕಿಗೆ ಉತ್ತರ ಇರುವುದಿಲ್ಲ. ‘ಸೂಯರ್’ ಎಂದು ಓದುವ ಮಗು ಕಂಡ ಕ್ರಮದಲ್ಲೇ ಓದುತ್ತಿದೆ. ಇದು ಗೊತ್ತಿರುವ ಶಿಕ್ಷಕಿ ಗದರುವುದಿಲ್ಲ. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಕನ್ನಡದ ಅಕ್ಷರ ಕಲಿಕೆ ಮೊದಲೆರಡು ವರ್ಷಗಳಲ್ಲಿ ಮುಗಿಯದೆ ಮುಂದಿನ ತರಗತಿಗಳಿಗೂ ಚಾಚುತ್ತದೆ ಎಂದು ತೋರಿಸಿತು. ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪಗಳಿರುವಾಗ ಇದು ಸಹಜ. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಕ್ಕಳೂ ಅದೇ ಬೆಂಚಿನಲ್ಲಿದ್ದರೆ ಇನ್ನಷ್ಟು ಸಮಯ ಬೇಕು.

ಲೆಕ್ಕದಲ್ಲೂ ಹೀಗೆಯೇ. 52ರಲ್ಲಿ 27 ಕಳೆದು 35 ಎಂದು ಬರೆದ ಮಗುವಿನ ಪಾಟಿಗೆ ತಪ್ಪು ಗುರುತು ಹಾಕುವುದು ಸುಲಭ. ಏಳರಲ್ಲಿ ಎರಡು ಹೋದರೆ ಐದು, ಐದರಲ್ಲಿ ಎರಡು ಹೋದರೆ ಮೂರು: ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ತೆಗೆದಿದೆ, ಹತ್ತನ್ನು ಬಿಡಿಸುವುದು ಅದಕ್ಕೆ ಇನ್ನೂ ಹೊಳೆದಿಲ್ಲ. ಇದನ್ನು ಗುರುತಿಸುವುದೇ ಗಣಿತ ಶಿಕ್ಷಕರ ನಿಜವಾದ ತರಬೇತಿ. ಸಂತೆಯಲ್ಲಿ ದೀಡ (ಒಂದೂವರೆ) ಕಿಲೊ, ಅಡೀಚ (ಎರಡೂವರೆ) ಕಿಲೊ ಎಂದು ಕೇಳುತ್ತಾ ಬೆಳೆದ ಮಗುವಿಗೆ ಭಿನ್ನರಾಶಿ ಅಪರಿಚಿತವಲ್ಲ. ಬ್ರೆಜಿಲಿನ ರೆಸೀಫೆಯಲ್ಲಿ ಬೀದಿ ವ್ಯಾಪಾರದ ಮಕ್ಕಳು ಬಾಯಿಲೆಕ್ಕ ಸರಿಯಾಗಿ ಮಾಡಿ ಅದೇ ಲೆಕ್ಕವನ್ನು ಕಾಗದದ ಮೇಲೆ ತಪ್ಪುವುದನ್ನು 1985ರ ಒಂದು ಪ್ರಸಿದ್ಧ ಅಧ್ಯಯನ ದಾಖಲಿಸಿದೆ. ಜಹೀರಾಬಾದಿನ ಸಂತೆಯೂ ಅಂಥ ಒಂದು ಪಾಠಶಾಲೆಯೇ.

ಈಚಿನ ವರ್ಷಗಳಲ್ಲಿ ತರಬೇತಿಯ ಮಹಾಪೂರವೇ ಬಂದಿದೆ. 2019ರಲ್ಲಿ ಕೇಂದ್ರದ ಶಿಕ್ಷಕ ತರಬೇತಿ ನಿಷ್ಠಾ, 2021ರ ಜುಲೈಯಲ್ಲಿ ಮೂಲ ಓದು–ಲೆಕ್ಕಕ್ಕಾಗಿ ನಿಪುಣ್ ಭಾರತ್, ದೀಕ್ಷಾ ವೇದಿಕೆಯಲ್ಲಿ ಆನ್‌ಲೈನ್ ಕೋರ್ಸುಗಳು. 2020ರ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆಗಳ ವೃತ್ತಿ ಕಲಿಕೆ ಇರಲಿ ಎಂದಿತು. ಈ ಗಡಿಯ ಹಳ್ಳಿಗಳು ಈಗ ಸೇರಿರುವ ತೆಲಂಗಾಣ 2022ರಲ್ಲಿ ಒಂದರಿಂದ ಐದನೇ ತರಗತಿಯವರೆಗೆ ‘ತೊಲಿಮೆಟ್ಟು’ ಆರಂಭಿಸಿತು. ಮೂಲ ಓದು, ಸರಳ ಲೆಕ್ಕಗಳೇ ಅದರ ಗುರಿ. ಒಳ್ಳೆಯ ಕಾರ್ಯಕ್ರಮ. ಅದೇ ವರ್ಷ ಸರ್ಕಾರಿ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮವೂ ಬಂದದ್ದರಿಂದ ಗಡಿಯ ಕನ್ನಡ ಶಾಲೆಗಳ ಮೇಲಿನ ಒತ್ತಡ ಹೆಚ್ಚಿತು. ಪೋಷಕರನ್ನು ದೂರುವಂತಿಲ್ಲ. ಮಗು ಮೂರನೇ ತರಗತಿಗೆ ಬಂದರೂ ಕನ್ನಡದ ಸಾಲೊಂದನ್ನು ತಡವರಿಸದೆ ಓದದಿದ್ದರೆ ಅವರು ಬೇರೆ ಶಾಲೆ ಹುಡುಕುತ್ತಾರೆ.

ಕಾಸರಗೋಡು ಇನ್ನೊಂದು ಗಡಿ. ಅಲ್ಲಿನ ಕನ್ನಡ ಶಾಲೆಗಳಿಗೆ ಕೇರಳದ ಪಠ್ಯಗಳು ಕನ್ನಡದಲ್ಲಿ ಬರುತ್ತವೆ, ಜಿಲ್ಲೆಯ ಡಯಟ್ ಮಾಯಿಪ್ಪಾಡಿಯಲ್ಲೇ ಇದೆ. ಇತ್ತ, ಜಹೀರಾಬಾದ್, ತಾಂಡೂರುಗಳು ಈಗಿರುವ ಸಂಗಾರೆಡ್ಡಿ, ವಿಕಾರಾಬಾದ್ ಜಿಲ್ಲೆಗಳ ಕನ್ನಡ ಶಿಕ್ಷಕರಿಗೆ ಮೊದಲು ಬೇಕಾದದ್ದು ತಮ್ಮದೇ ಒಂದು ಕೂಟ: ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಶಾಲಾ ಕಾಂಪ್ಲೆಕ್ಸ್ ಸಭೆಯ ದಿನ ಮೊಗುಡಂಪಲ್ಲಿ, ನ್ಯಾಲಕಲ್, ನಾರಾಯಣಖೇಡದವರು ಒಂದೆಡೆ, ತಾಂಡೂರಿನವರು ಮತ್ತೊಂದೆಡೆ ಮಕ್ಕಳ ನೋಟ್‌ಬುಕ್ ತಂದು ಕೂರಲಿ. ತೊಲಿಮೆಟ್ಟಿನ ಗುರಿಗಳು ಹಾಗೆಯೇ ಇರಲಿ, ಕನ್ನಡ ಅಕ್ಷರಕ್ಕೆ ಬೇಕಾದ ಪಾಠಗಳನ್ನು ಅವರೇ ಬರೆಯಲಿ. ಬೀದರ್ ಡಯಟ್‌ನಿಂದ ನಲಿ–ಕಲಿ ಬಲ್ಲ ಒಬ್ಬರು ತಿಂಗಳಿಗೊಮ್ಮೆ ಬಂದು ತರಗತಿಯಲ್ಲಿ ನಿಲ್ಲಲು ಎರಡು ರಾಜ್ಯಗಳ ಶಿಕ್ಷಣ ಇಲಾಖೆಗಳು ಒಂದು ಪತ್ರ ಬರೆದುಕೊಂಡರೆ ಸಾಕು.