ಮುಯ್ಯಿ ಪುಸ್ತಕದೊಳಗಿನ ಚರಿತ್ರೆ

ಚರಿತ್ರೆ ಎಂದ ಕೂಡಲೇ ನಮ್ಮ ಶಾಲೆಯ ಮಕ್ಕಳು ಯುದ್ಧಗಳ ಇಸವಿ ಒಪ್ಪಿಸಲು ಶುರು ಮಾಡುತ್ತಾರೆ. ರಾಜರೂ ದಿವಾನರೂ ಚರಿತ್ರೆಗೆ ಸೇರಿದವರು, ನಾವು ನೀವು ಬರೀ ಓದಿ ಪಾಸಾಗುವವರು ಎಂಬ ನಂಬಿಕೆ ಅವರದು. ನನ್ನ ಮಟ್ಟಿಗೆ ಆ ನಂಬಿಕೆಯನ್ನು ಹೋಗಲಾಡಿಸಿದ್ದು ನಮ್ಮ ಮನೆಯ ಟ್ರಂಕಿನಲ್ಲಿರುವ ನಾಲ್ಕು ಮುಯ್ಯಿ ಪುಸ್ತಕಗಳು.

ಮುಯ್ಯಿ ಎಂದರೆ ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಮದುವೆಗೆ ಬಂದವರು ಹಣವನ್ನೋ ಅಕ್ಕಿ ಬೇಳೆಯನ್ನೋ ಕೊಡುತ್ತಾರೆ. ಚಪ್ಪರದ ಕಂಬದ ಪಕ್ಕ ಕುಳಿತವರೊಬ್ಬರು ಊರು, ಹೆಸರು, ಮೊತ್ತ ಬರೆದುಕೊಳ್ಳುತ್ತಾರೆ. ನಾಳೆ ಅವರ ಮನೆಯಲ್ಲಿ ಮದುವೆಯಾದಾಗ ನಾವು ಅಷ್ಟನ್ನಾದರೂ ಹಿಂದಿರುಗಿಸಬೇಕು. ಅದು ದಾನವಲ್ಲ, ಪೂರ್ತಿ ಸಾಲವೂ ಅಲ್ಲ. ಅಮ್ಮ ಒಬ್ಬಳೇ ಮಗಳಾದ್ದರಿಂದ ಕೊಳ್ಳೇಗಾಲದ ತಾತನ ಪುಸ್ತಕಗಳೂ ಹನೂರಿನ ನಮ್ಮ ಮನೆ ಸೇರಿದವು.

ಮೊದಲ ಪುಸ್ತಕ 1946ರದು, ನಮ್ಮ ಅಜ್ಜಿಯ ಮದುವೆಯದು. ಅಜ್ಜಿ ಯಳಂದೂರಿನವರು, ತಾತ ಕೊಳ್ಳೇಗಾಲದವರು. ನಡುವೆ ಹತ್ತು ಹನ್ನೊಂದು ಮೈಲಿ. ಆದರೆ ಆ ಹತ್ತು ಮೈಲಿಯೊಳಗೆ ಎರಡು ಸರ್ಕಾರಗಳಿದ್ದವು. 1807ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಯಳಂದೂರು ಮೈಸೂರು ಸಂಸ್ಥಾನದ ಒಳಗಿತ್ತು. ಕೊಳ್ಳೇಗಾಲ, ಹನೂರು, ಮಾದಪ್ಪನ ಬೆಟ್ಟ ಇವೆಲ್ಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಮಾತು ಒಂದೇ, ಬೆಟ್ಟದ ದೇವರು ಒಬ್ಬನೇ. ಕಾನೂನು ಮಾತ್ರ ಬೇರೆ ಬೇರೆ. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ತಡೆಯುವ ಕಾಯಿದೆ ಮೈಸೂರಿನಲ್ಲಿ 1894ರಲ್ಲೇ ಬಂದಿತ್ತು. ಬ್ರಿಟಿಷರ ಆಳ್ವಿಕೆಯ ಸೀಮೆಯಲ್ಲಿ 1929ರ ಶಾರದಾ ಕಾಯಿದೆ ಹೆಣ್ಣಿಗೆ ಹದಿನಾಲ್ಕು ತುಂಬಿರಬೇಕು ಎಂದಿತು. ಅಜ್ಜಿಗೆ ಆಗ ಹದಿನೈದು. ಎರಡೂ ಕಡೆಯ ಕಾನೂನಿಗೆ ಸರಿಹೋಯಿತು.

ಸರಿಹೋಗದೇ ಇದ್ದದ್ದು ಅಕ್ಕಿ. 1943ರ ಬಂಗಾಳದ ಕ್ಷಾಮದ ನಂತರ ದೇಶದ ಉದ್ದಗಲಕ್ಕೂ ಪಡಿತರ, ಲೆವಿ, ಪರ್ಮಿಟ್ಟುಗಳ ಕಾಲ. ಯುದ್ಧ ಮುಗಿದರೂ ಅವು ಮುಗಿದಿರಲಿಲ್ಲ. ಪರವಾನಗಿ ಇಲ್ಲದೆ ಧಾನ್ಯವನ್ನು ಒಂದು ಸೀಮೆಯಿಂದ ಇನ್ನೊಂದು ಸೀಮೆಗೆ ಸಾಗಿಸುವ ಹಾಗಿಲ್ಲ. ಆಗ ನಮ್ಮವರಲ್ಲಿ ಗಂಡಿನ ಮನೆಯಲ್ಲಿ ಮದುವೆ. ಹೆಣ್ಣಿನ ಕಡೆಯವರು ಎರಡು ಗಾಡಿ ಕಟ್ಟಿಕೊಂಡು ಹೊರಟರು. ಮುಂದಿನ ಗಾಡಿಯಲ್ಲಿ ಹೆಣ್ಣು ಮತ್ತು ಸೋಬಾನೆ ಹೇಳುವ ಹೆಂಗಸರು, ಹಿಂದಿನ ಗಾಡಿಯಲ್ಲಿ ಸುವರ್ಣಾವತಿಯ ನೀರಲ್ಲಿ ಬೆಳೆದ ನಾಲ್ಕು ಮೂಟೆ ಅಕ್ಕಿ. ಗಡಿ ಚೌಕಿಯಲ್ಲಿ ಕಾವಲಿನವನು ತಡೆದ. ಮದುವೆ ಅಕ್ಕಿ ಎಂದು ಎಷ್ಟು ಬೇಡಿದರೂ, "ಅಕ್ಕಿ ಇಲ್ಲೇ ಬುಡಿ, ಹೆಣ್ಣ ಕರ್ಕೊಂಡು ಹೋಗಿ" ಎಂದನಂತೆ. ಅಜ್ಜಿ ಈ ಮಾತನ್ನು ಹೇಳಿ ಹೇಳಿ ನಗುತ್ತಿದ್ದರು. ನಕ್ಕಾದ ಮೇಲೆ, "ಅಕ್ಕೀಗಿದ್ದ ಬೆಲೆ ನನಗಿರಲಿಲ್ಲ ಕನವ್ವ" ಎಂದೂ ಸೇರಿಸುತ್ತಿದ್ದರು.

ತಾತನ ಮನೆಯಲ್ಲಿ ಕಣಜದಲ್ಲಿ ಇದ್ದದ್ದು ರಾಗಿ, ಹುರುಳಿ ಮತ್ತು ಹನೂರು ಕಡೆಯ ಹೊಲದ ಸಾಮೆ. ಮದುವೆಯ ಎಲೆಗೆ ಬಡಿಸಿದ್ದು ಸಾಮೆ ಅನ್ನ, ಹುರುಳಿಕಟ್ಟಿನ ಸಾರು, ಕುಂಬಳಕಾಯಿ ಪಲ್ಯ, ಸಾಮೆಯದೇ ಬೆಲ್ಲದ ಪಾಯಸ. ಯಳಂದೂರಿನ ಗದ್ದೆ ಬಯಲಿನವರಿಗೆ ಮದುವೆಯಲ್ಲಿ ಸಾಮೆ ಉಣ್ಣುವುದೆಂದರೆ ಅವಮಾನ. ಇಬ್ಬರು ಹಿರಿಯರು ಎಲೆ ಬಿಟ್ಟು ಎದ್ದೇಬಿಟ್ಟರಂತೆ. ಅಜ್ಜಿಗೆ ಆ ಊರಿನಲ್ಲಿ ಬಹಳ ದಿನ "ಸಾಮೆ ಮದುವೆಯವಳು" ಎಂಬ ಹೆಸರು ಉಳಿಯಿತು.

ಆ ಪುಸ್ತಕದಲ್ಲಿ ಹಣ ರೂಪಾಯಿ, ಆಣೆ, ಪೈಗಳಲ್ಲಿದೆ. ಯಳಂದೂರಿನವರ ಧಾನ್ಯ ಸೇರಿನಲ್ಲಿ, ಕೊಳ್ಳೇಗಾಲದವರದು ಪಡಿಯಲ್ಲಿ. ಎರಡೂ ಒಂದೇ ಅಳತೆಯಲ್ಲ. ಹಿಂದಿರುಗಿಸುವಾಗ ಜಗಳ ಬಾರದಿರಲೆಂದು ತಾತ ಪಕ್ಕದಲ್ಲೇ ಲೆಕ್ಕ ಹಾಕಿಟ್ಟಿದ್ದಾರೆ. ಯಳಂದೂರಿನ ಸೋದರಮಾವನ ಹೆಸರಿನ ಮುಂದೆ "ಅಕ್ಕಿ 20 ಸೇರು, ಚೌಕಿಯಲ್ಲಿ ಉಳಿಯಿತು" ಎಂದಿದೆ. ಕೈಗೆ ಬಾರದ ಅಕ್ಕಿಯನ್ನೂ ತಾತ ಮುಯ್ಯಿ ಎಂದೇ ಬರೆದುಕೊಂಡರು! 1952ರಲ್ಲಿ ರಾಜಾಜಿಯವರು ಮದ್ರಾಸ್ ರಾಜ್ಯದಲ್ಲಿ ಆಹಾರ ನಿಯಂತ್ರಣ ಎತ್ತಿಹಾಕಿದರು. ಅದೇ ವರ್ಷದ ಕೊನೆಯಲ್ಲಿ ಆ ಸಾಲಿಗೆ ಗೆರೆ ಹೊಡೆದು "ತೀರಿತು" ಎಂದು ಬರೆದಿದ್ದಾರೆ. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದಾಗ ಚೌಕಿಯೇ ಇಲ್ಲವಾಯಿತು.

ಎರಡನೆಯ ಪುಸ್ತಕ 1966ರದು, ಅಮ್ಮನ ಮದುವೆ. ಇಲ್ಲಿ ನಯಾಪೈಸೆ ಬಂದಿದೆ, ಸೇರು ಹೋಗಿ ಕಿಲೋ ಬಂದಿದೆ. ಬದಲಾದದ್ದು ಇಷ್ಟೇ ಅಲ್ಲ. ಅಜ್ಜಿಯ ಮದುವೆಯಲ್ಲಿ ಗಂಡಿನವರು ಹೆಣ್ಣಿನವರಿಗೆ ತೆರ ಕೊಟ್ಟಿದ್ದರು. ಅಮ್ಮನ ಕಾಲಕ್ಕೆ ತೆರ ಮಾಯವಾಗಿ, ಮದುವೆ ಹೆಣ್ಣಿನ ಮನೆಗೆ ಬಂದು, ಖರ್ಚೂ ಹೆಣ್ಣಿನ ಮನೆಗೇ ಬಂದಿತ್ತು. ಎಂ. ಎನ್. ಶ್ರೀನಿವಾಸರು ಮೈಸೂರಿನ ಮದುವೆ ಮತ್ತು ಕುಟುಂಬದ ಬಗ್ಗೆ 1942ರಲ್ಲೇ ಪುಸ್ತಕ ಬರೆದರು. ತೆರ ಹೋಗಿ ವರದಕ್ಷಿಣೆ ಬಂದ ಬಗೆಯನ್ನು ಅವರು ಮುಂದೆ ವಿವರಿಸಿದ್ದಾರೆ. ನಮ್ಮ ಮನೆಯಲ್ಲಿ ಅದು ಇಪ್ಪತ್ತೇ ವರ್ಷದಲ್ಲಿ ಆಗಿಹೋಯಿತು. ವರದಕ್ಷಿಣೆ ನಿಷೇಧ ಕಾಯಿದೆ 1961ರಲ್ಲಿ ಬಂದಿತ್ತಲ್ಲ, ಆದ್ದರಿಂದ ತಾತ ಆ ಪದವನ್ನು ಬರೆದಿಲ್ಲ. ಕೈಗಡಿಯಾರ, ಸೈಕಲ್ಲು, 500 ರೂಪಾಯಿ ಇವುಗಳ ತಲೆಬರಹ "ಬೀಗರ ಮರ್ಯಾದೆ". ಆ ಮರ್ಯಾದೆ ತೀರಿಸಲು ರೇಷ್ಮೆಗೂಡಿನ ಮೂರು ಬೆಳೆ ಬೇಕಾದವು ಎಂದು ಅಜ್ಜಿ ಹೇಳುತ್ತಿದ್ದರು.

1965, 1966 ಎರಡೂ ವರ್ಷ ಮಳೆ ಕೈಕೊಟ್ಟ ಕಾಲ. 1966ರಲ್ಲಿ ಸುಮಾರು 1 ಕೋಟಿ ಟನ್ ಧಾನ್ಯ ಹೊರದೇಶಗಳಿಂದ ಬಂತು. ಬಹುಪಾಲು ಅಮೆರಿಕದ ಗೋಧಿ. ಸೋಮವಾರ ರಾತ್ರಿಯ ಊಟ ಬಿಡಿ ಎಂದು ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ದೇಶವನ್ನು ಕೇಳಿಕೊಂಡಿದ್ದರು. ತಾತ ಅದನ್ನು ವ್ರತದಂತೆ ಹಿಡಿದಿದ್ದರು. 1966ರ ಜನವರಿ 11ರಂದು ಶಾಸ್ತ್ರಿಯವರು ತಾಷ್ಕೆಂಟಿನಲ್ಲಿ ತೀರಿಕೊಂಡ ಮೇಲೆ ಅವರ ಹಟ ಇನ್ನೂ ಹೆಚ್ಚಿತು. ಅಮ್ಮನ ಧಾರೆ ಬಿದ್ದದ್ದು ಒಂದು ಸೋಮವಾರ. ಮಧ್ಯಾಹ್ನದ ಊಟ ಸಾಂಗವಾಯಿತು. ರಾತ್ರಿ ಒಲೆ ಹಚ್ಚುವುದಿಲ್ಲ ಎಂದು ತಾತ ಕೂತುಬಿಟ್ಟರು. ಹನೂರಿನಿಂದ ಬಂದ ಬೀಗರು ಉಪವಾಸ ಮಲಗುವುದುಂಟೆ? "ಸತ್ತ ಪ್ರಧಾನಿ ಬಂದು ನೋಡ್ತಾರಾ?" ಎಂದು ಯಾರೋ ಅಂದರು. ತಾತ ಮಾತೇ ಆಡಲಿಲ್ಲ.

ಆಗ ಅಜ್ಜಿ ಒಂದು ದಾರಿ ಹುಡುಕಿದರು. ಒಲೆ ಹಚ್ಚದೆ ಆಗುವುದು ಊಟವಲ್ಲ ತಾನೆ? ಅವಲಕ್ಕಿ ತೊಳೆದು, ಬೆಲ್ಲ ಕೆರೆದು ಹಾಕಿ, ಹಸಿ ಕಾಯಿತುರಿ, ಏಲಕ್ಕಿ ಬೆರೆಸಿ, ಬಾಳೆಹಣ್ಣಿನ ಜೊತೆ ಎಲೆಗೆ ಹಾಕಿದರು. ಇನ್ನೊಂದು ಪಾತ್ರೆಯಲ್ಲಿ ನೆನೆಸಿದ ಹೆಸರುಬೇಳೆಗೆ ಸೌತೆಕಾಯಿ ಹೆಚ್ಚಿ, ಉಪ್ಪು, ಹಸಿಮೆಣಸಿನಕಾಯಿ, ನಿಂಬೆಹಣ್ಣು ಹಿಂಡಿದ ಕೋಸಂಬರಿ. ವ್ರತವೂ ಉಳಿಯಿತು, ಬೀಗರ ಹೊಟ್ಟೆಯೂ ತುಂಬಿತು. ಮಾರನೆಯ ಬೆಳಿಗ್ಗೆ ಅಕ್ಕಿ ಸಾಲದೆ ಗೋಧಿ ರವೆಯ ಉಪ್ಪಿಟ್ಟು. "ಗೋಧಿ ಕಾಯಿಲೆಯವರ ಊಟ" ಎಂದು ಮುಖ ತಿರುಗಿಸಿದ ಬೀಗರಲ್ಲಿ ಒಬ್ಬರು ನಮ್ಮ ಅಪ್ಪನ ದೊಡ್ಡಪ್ಪ. ಅದೇ ದೊಡ್ಡ ತಾತ ಮುಂದೆ ಸಕ್ಕರೆ ಕಾಯಿಲೆ ಬಂದು, ಹತ್ತು ವರ್ಷ ರಾತ್ರಿ ಗೋಧಿ ಉಪ್ಪಿಟ್ಟನ್ನೇ ತಿಂದರು.

ಮೂರನೆಯದು 2000ನೇ ಇಸವಿಯ ಆಗಸ್ಟ್ ತಿಂಗಳದು, ನನ್ನ ತಂಗಿಯ ಮದುವೆ. ಹನೂರು ಸೀಮೆಯಲ್ಲಿ ಆ ಹೊತ್ತಿಗೆ ಸಂಜೆಯ ಆರತಕ್ಷತೆ ಎಂಬುದೇ ಅಪರೂಪವಾಗಿತ್ತು. 1992ರಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ವೀರಪ್ಪನ್ ಗುಂಪಿನ ದಾಳಿ, 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿಯ ನೆಲಬಾಂಬು ಸ್ಫೋಟ ಇವುಗಳಾದ ಮೇಲೆ ಕತ್ತಲಾಗುವ ಮೊದಲು ಮನೆ ಸೇರುವುದು ಎಲ್ಲರ ಅಭ್ಯಾಸವಾಗಿತ್ತು. ಅದಕ್ಕೇ ಮದುವೆಯನ್ನು ಕೊಳ್ಳೇಗಾಲದ ಛತ್ರದಲ್ಲಿ ಇಟ್ಟುಕೊಂಡೆವು. ವರ ತಾಳವಾಡಿ ಕಡೆಯವನು. ತಾಳವಾಡಿ ತಮಿಳುನಾಡಿಗೆ ಸೇರಿದ್ದರೂ ಮನೆಮಾತು ಕನ್ನಡ, ನಂಟಸ್ತನವೆಲ್ಲ ನಮ್ಮ ಕಡೆಗೇ.

ಜುಲೈ 30ರ ರಾತ್ರಿ ಆ ತಾಳವಾಡಿಯ ಪಕ್ಕದ ಗಾಜನೂರಿನಿಂದಲೇ ಡಾ. ರಾಜಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ. ಅವರು ಮರಳಿ ಬಂದದ್ದು 108 ದಿನಗಳ ನಂತರ, ನವೆಂಬರ್‌ನಲ್ಲಿ. ನಮ್ಮ ಮದುವೆಯೋ, ಅಪಹರಣವಾದ ಅದೇ ವಾರ. ಗಡಿ ದಾಟುವ ಬಸ್ಸುಗಳು ನಿಂತವು. ಮೈಸೂರಿನಿಂದ ಬರಬೇಕಾದ ಅಡಿಗೆಯವರು ಬರುವುದಿಲ್ಲ ಎಂದು ಫೋನು ಮಾಡಿಸಿದರು. ತರಕಾರಿಯೂ ಬರಲಿಲ್ಲ. 700 ಜನರನ್ನು ಕರೆದಿದ್ದೆವು, ಬಂದವರು 130. ವರನ ಕಡೆಯವರು ಹಳ್ಳಿ ದಾರಿಗಳಲ್ಲಿ ಸುತ್ತಿಕೊಂಡು, ಮೇವು ಸಾಗಿಸುವ ಟೆಂಪೋದಲ್ಲಿ ಏಳೇ ಜನ ಬಂದು ಇಳಿದಾಗ ಮೊದಲ ಲಗ್ನ ಮೀರಿತ್ತು. ಮದುಮಗನ ರುಮಾಲಿನ ಮೇಲೆ ಒಣಹುಲ್ಲು. 1946ರ ಗಡಿ ಚೌಕಿ ಐವತ್ತನಾಲ್ಕು ವರ್ಷ ಕಳೆದು ಬೇರೆ ವೇಷದಲ್ಲಿ ಮತ್ತೆ ಬಂದಿತ್ತು.

ಅಡಿಗೆಗೆ ನಿಂತದ್ದು ಮನೆಯ ಹೆಂಗಸರು. ಅಜ್ಜಿಗೆ ಆಗ ಅರವತ್ತೊಂಬತ್ತು. ಮಣೆ ಹಾಕಿಕೊಂಡು ಒಲೆಯ ಮುಂದೆ ಕುಳಿತು ಹೇಳುತ್ತಾ ಹೋದರು. ಹೆಚ್ಚು ಪಾತ್ರೆ ಬೇಡ, ಹೆಚ್ಚು ಬಗೆ ಬೇಡ. 12 ಕಿಲೋ ಅಕ್ಕಿಗೆ 8 ಕಿಲೋ ತೊಗರಿಬೇಳೆಯ ಬಿಸಿಬೇಳೆಭಾತು. ತರಕಾರಿ ಇಲ್ಲದ್ದಕ್ಕೆ ಅಕ್ಕಪಕ್ಕದ ಹಿತ್ತಲುಗಳ ನುಗ್ಗೆಕಾಯಿ, ಸೀಮೆಬದನೆ. ಉಳಿದಂತೆ ಮಜ್ಜಿಗೆ ಅನ್ನ, ಉಪ್ಪಿನಕಾಯಿ, ಹಪ್ಪಳ, ಹೆಸರುಬೇಳೆ ಪಾಯಸ. ಆ ಪಾಯಸವನ್ನು ನಾನು ಇವತ್ತಿಗೂ ಮಾಡುತ್ತೇನೆ. 1 ಲೋಟ ಹೆಸರುಬೇಳೆಯನ್ನು ಘಮ ಬರುವವರೆಗೆ ಹುರಿದು ಬೇಯಿಸಿ, ಒಂದೂಕಾಲು ಲೋಟ ಬೆಲ್ಲ ಕರಗಿಸಿ ಸೋಸಿ ಹಾಕಿ, ಕುದಿ ಇಳಿದ ಮೇಲೆ ಕಾಯಿಹಾಲು ಬೆರೆಸಬೇಕು. ಕಾಯಿಹಾಲು ಹಾಕಿ ಮತ್ತೆ ಕುದಿಸಿದರೆ ಒಡೆಯುತ್ತದೆ. ಗುಟ್ಟು ಅಷ್ಟೇ.

ಅಂದು ರಾತ್ರಿ ಲೆಕ್ಕ ನೋಡುವಾಗ ನನಗೊಂದು ವಿಷಯ ಕಣ್ಣಿಗೆ ಬಿತ್ತು. ಮೂರೂ ಪುಸ್ತಕಗಳಲ್ಲಿ ಹೆಂಗಸರ ಹೆಸರಿಲ್ಲ. ವಿಧವೆಯೊಬ್ಬರು ಕೊಟ್ಟ 2 ರೂಪಾಯಿ ಕೂಡ ಅವರ ಮಗನ ಹೆಸರಿನಲ್ಲಿದೆ. ಯಳಂದೂರಿನ ಸಂಚಿಯ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆ ಸಂಚಿ ಹಿಡಿಯುವ ಊಳಿಗದವಳಾಗಿದ್ದು "ಹದಿಬದೆಯ ಧರ್ಮ" ಬರೆದಳು ಎಂದು ತರಗತಿಯಲ್ಲಿ ಪಾಠ ಮಾಡುತ್ತೇನೆ. ಹದಿನೇಳನೆಯ ಶತಮಾನದಲ್ಲೇ ನಮ್ಮ ಸೀಮೆಯ ಹೆಂಗಸೊಬ್ಬಳ ಹೆಸರು ಪುಸ್ತಕದ ಮೇಲೆ ಬಂತು. ನಮ್ಮ ಮನೆಯ ಪುಸ್ತಕದಲ್ಲಿ ಇನ್ನೂ ಬಂದಿರಲಿಲ್ಲ. ಕೊನೆಯ ಹಾಳೆಯಲ್ಲಿ "ಅಡಿಗೆ ಮಾಡಿದವರು" ಎಂದು ಬರೆದು ಹನ್ನೊಂದು ಹೆಸರು ಸೇರಿಸಿದೆ. ಅಪ್ಪ ನೋಡಿ, "ಇದೆಂಥ ಮುಯ್ಯಿ?" ಎಂದರು. "ಇದೇ ದೊಡ್ಡದು, ತೀರಿಸೋದು ಕಷ್ಟ" ಎಂದರು ಅಜ್ಜಿ. ಆ ಹನ್ನೊಂದು ಮನೆಗಳ ಶುಭಕಾರ್ಯಗಳಿಗೆ ನಮ್ಮ ಮನೆಯ ಹೆಂಗಸರು ಹೋಗಿ ಒಲೆಯ ಮುಂದೆ ನಿಂತು ಬಂದಿದ್ದಾರೆ. ಒಂಬತ್ತಕ್ಕೆ ಗೆರೆ ಹೊಡೆದಿದ್ದೇನೆ, ಎರಡು ಬಾಕಿ ಇವೆ.

ನಾಲ್ಕನೆಯ ಪುಸ್ತಕ ತೀರ ತೆಳು. 2020ರ ಜೂನ್, ಅಣ್ಣನ ಮಗಳ ಮದುವೆ. ಕೊರೋನಾದ ನಿಯಮದಂತೆ ಮದುವೆಗೆ 50 ಜನ. ವರ ಯಳಂದೂರಿನವನು, ಮದುವೆ ಹನೂರಿನ ನಮ್ಮ ಮನೆಯಂಗಳದಲ್ಲಿ. ಮುಯ್ಯಿಯಲ್ಲಿ ಹೆಚ್ಚಿನದು ಮೊಬೈಲಿಗೇ ಬಂತು. ಆದರೂ ಅಣ್ಣ ಹಟ ಹಿಡಿದು ಎಲ್ಲವನ್ನೂ ಕೈಯಲ್ಲಿ ಬರೆದ, ಹೆಂಗಸರು ಕೊಟ್ಟದ್ದನ್ನು ಹೆಂಗಸರ ಹೆಸರಿನಲ್ಲೇ ಬರೆದ. "ಬೀಗರ ಮರ್ಯಾದೆ" ಎಂಬ ತಲೆಬರಹ ಈ ಪುಸ್ತಕದಲ್ಲಿಲ್ಲ. ಹುಡುಗಿಯೇ ಅದನ್ನು ಬೇಡವೆಂದಿದ್ದಳು, ಹುಡುಗನೂ ಒಪ್ಪಿದ್ದ.

ಊಟಕ್ಕೆ ಏನು ಮಾಡಿಸೋಣ ಎಂದಾಗ ಅವಳು ಕೇಳಿದ್ದು ಸಾಮೆ ಅನ್ನ. ಈಗ ಅದಕ್ಕೆ ಸಿರಿಧಾನ್ಯ ಎಂಬ ಹೆಸರು. ವಿಶ್ವಸಂಸ್ಥೆ 2023ನ್ನು ಅದರದೇ ವರ್ಷವೆಂದು ಆಚರಿಸಿತು. ಅಂಗಡಿಯಲ್ಲಿ ಅಕ್ಕಿಗಿಂತ ದುಬಾರಿ. ಯಳಂದೂರಿನ ಬೀಗರು ಎರಡೆರಡು ಸಲ ಹಾಕಿಸಿಕೊಂಡು ಉಂಡರು, ಯಾರೂ ಎಲೆ ಬಿಟ್ಟು ಏಳಲಿಲ್ಲ. ಅದನ್ನು ನೋಡಲು ಅಜ್ಜಿ ಇರಲಿಲ್ಲ. ಬಡಿಸುತ್ತಿದ್ದ ಅಮ್ಮ ಮಾತ್ರ ಒಂದು ಎಲೆಯನ್ನು ಪಕ್ಕಕ್ಕೆ ಹಾಕಿ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಇಟ್ಟು, ದೀಪದ ಮುಂದೆ ಇಟ್ಟು ಬಂದರು.